ಹಳದಿ ಮಣ್ಣಿನ ಕೆಳಗೆ

೩, ಸೋಮವಾರ

ಗಣಿ ಶುರುವಾಗುವ ಮುಂಚೆ ಹಳೇ ಕಾಲದ ಕುರುಹು ಹುಡುಕಿ ನಾವು ಅಗೆಯುತ್ತಿರುವ ಜಾಗದಲ್ಲಿ ಪೂರ್ವದ ಪಟ್ಟಿ ಮುಗಿಯಿತು. ಎಲ್ಲ ಗುಂಡಿಯಲ್ಲೂ ಅದೇ ಕಥೆ. ಮೊಣಕಾಲುದ್ದ ಅಗೆದರೆ ಹಳದಿ ಜೇಡಿ. ಮನುಷ್ಯರ ಕೈ ತಾಗದ ಮಣ್ಣು ಬಂದರೆ ಅಗೆತ ನಿಲ್ಲಿಸು — ಮೇಷ್ಟ್ರು ಕಲಿಸಿದ ಮೊದಲ ಪಾಠ. ನಿಲ್ಲಿಸಿದೆ. ಅವರಿಗೆ ಮಂಡಿನೋವು, ಗುಂಡಿಗೆ ಇಳಿಯುವುದಿಲ್ಲ. ಮೇಲೆ ನಿಂತೇ ಕೇಳಿದರು, ಖಾಲಿಯಾ? ಖಾಲಿ ಅಂದೆ. ಆ ಜಾಗ ಗಣಿ ಕಂಪನಿಗೆ ಬಿಡಬಹುದು ಎಂದು ಸಹಿ ಹಾಕಿದರು. ಸಂಜೆ ಕಂಪನಿಯ ಮ್ಯಾನೇಜರ್ ಕೇಕ್ ಕಳಿಸಿದ. ಎರಡು ತುಂಡು ತಿಂದೆ, ಸುಳ್ಳೇಕೆ.

೬, ಗುರುವಾರ

ಪೂರ್ವದಲ್ಲಿ ಮೆಷಿನ್ ಇಳಿದಿದೆ. ಟೀ ಲೋಟದಲ್ಲೂ ಧೂಳು. ನಾವೀಗ ಪಶ್ಚಿಮದ ಪಟ್ಟಿಯಲ್ಲಿ. ಅಕ್ಕನ ಫೋನ್, ಚಿನ್ನ ಸಿಕ್ಕಿತೇನೇ ಎಂದು. ಸಿಕ್ಕಿದ್ದರೆ ನಿನಗೆ ಹೇಳುತ್ತಿದ್ದೆನೇ ಅಂದೆ. ನಕ್ಕಳು.

೧೦, ಸೋಮವಾರ

ಮಳೆಗೆ ಒಂದು ಗುಂಡಿಯ ಗೋಡೆ ಕುಸಿದಿದೆ. ಹಳದಿ ಮಣ್ಣಿನ ಕೆಳಗೆ ದೊಡ್ಡ ಗಡಿಗೆ. ಒಳಗೆ ಮಗು, ಬರೀ ಎಲುಬು. ಮೊಣಕಾಲು ಎದೆಗೆ ಮಡಚಿ ಮಲಗಿಸಿದ್ದಾರೆ. ಮಣಿಕಟ್ಟಿನಲ್ಲಿ ಮಣಿಗಳು.

ಹಳದಿ ಮಣ್ಣು ತಾನಾಗಿ ಬಂದದ್ದಲ್ಲ. ಹೊತ್ತು ತಂದು ಮುಚ್ಚಿದ್ದು. ಅಡಿಯಲ್ಲಿ ಬೆರಳೊತ್ತಿದ ಗುರುತು ಇದೆ...

ಹಾಗಾದರೆ ಪೂರ್ವ? ಅಲ್ಲಿ ಪ್ರತಿ ಗುಂಡಿಯಲ್ಲೂ ನಾನು ನಿಂತದ್ದು ಮುಚ್ಚಳದ ಮೇಲೆ.

ಮೇಷ್ಟ್ರು ನನ್ನ ಭುಜ ಹಿಡಿದು ಕೆಳಗಿಳಿದರು. ಹಳದಿ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದರು. ಆಮೇಲೆ, "ಅಲ್ಲೂ ಇದೇ ಮಣ್ಣಲ್ವೇನಮ್ಮಾ?"

ಹೌದು ಅಂದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮ್ಯಾನೇಜರ್ ಕೈಗೇ ಸಿಗಲಿಲ್ಲ. ಸಿಕ್ಕ ಮೇಲೆ ಒಂದೇ ಮಾತು — ಬಿಟ್ಟುಕೊಟ್ಟದ್ದು ಬಿಟ್ಟುಕೊಟ್ಟದ್ದೇ. ಮೇಲಿನವರ ಆರ್ಡರ್ ಬರುವ ತನಕ ಮೆಷಿನ್ ನಿಲ್ಲುವುದಿಲ್ಲವಂತೆ.

೧೧, ಮಂಗಳವಾರ, ಬೆಳಿಗ್ಗೆ

ಆರ್ಡರ್ ಇಲ್ಲ. ಮೇಲಿನವರಿಗೆ ಕಳಿಸುವ ಪತ್ರದಲ್ಲಿ ತಪ್ಪು ನನ್ನದೆಂದು ಬರೆಯಿರಿ ಅಂದೆ. ಮೇಷ್ಟ್ರು ಒಪ್ಪಲಿಲ್ಲ. "ಸಹಿ ನಂದು. ಇಳಿದು ನೋಡದೆ ಹಾಕ್ದೆ." ಇಲ್ಲದ ಉಸಾಬರಿ ಬೇಡ, ಕೆಲಸ ಕಳೆದುಕೊಳ್ಳುತ್ತೀ ಎಂದು ಅಕ್ಕ ಬೈದಳು. ಅವಳು ಹೇಳುವುದೂ ಸುಳ್ಳಲ್ಲ. ಭಯವಾಗುತ್ತಿದೆ.

ಮಂಗಳವಾರ, ಮಧ್ಯಾಹ್ನ

ಪೂರ್ವಕ್ಕೆ ಬಂದೆ. ಮೆಷಿನ್ ಡ್ರೈವರ್‌ಗೆ ಕೈಮುಗಿದೆ. "ನಿಲ್ಸಿದ್ರೆ ನನ್ ಕೆಲ್ಸ ಹೋಗುತ್ತೆ ಮೇಡಂ. ಊಟ ಮಾಡೋಷ್ಟೊತ್ತು ನಿಲ್ಸಿರ್ತೀನಿ, ನೋಡ್ಕೊಂಡ್ ಬನ್ನಿ."

ಮೆಷಿನ್ ಕಡಿದ ಗೋಡೆ ಎರಡಾಳೆತ್ತರ. ಮೇಲೆ ಹಳದಿ ಪಟ್ಟೆ. ಅದರ ಕೆಳಗೆ ಗಡಿಗೆಗಳು, ಒಂದರ ಪಕ್ಕ ಒಂದು, ಅರ್ಧಕ್ಕೆ ಸೀಳಿಹೋಗಿವೆ. ಎಲ್ಲದರಲ್ಲೂ ಪುಟ್ಟ ಮಕ್ಕಳು. ಉಳಿದರ್ಧ ಲಾರಿಯಲ್ಲಿ ಹೋಗಿದೆ. ಎಲ್ಲಿ ಸುರಿದರೋ. ಅಯ್ಯೋ, ನಾನೇ ಖಾಲಿ ಅಂದದ್ದು.

ಗೋಡೆಗೆ ಬೆನ್ನು ಕೊಟ್ಟು ಕೂತು ಬರೆಯುತ್ತಿದ್ದೇನೆ. ಎದ್ದರೆ ಮೆಷಿನ್ ಶುರು ಮಾಡುತ್ತಾರೆ. ಮೇಷ್ಟ್ರು ಕೋಲೂರಿಕೊಂಡು ಇಳಿದು ಬಂದರು. ಬೇಡ ಅಂದೆ, ಕೇಳಲಿಲ್ಲ. ಪಕ್ಕದಲ್ಲಿ ಕೂತರು.

ಡ್ರೈವರ್ ಊಟ ಮುಗಿಯಿತು. ಹಾರ್ನ್ ಹೊಡೆಯುತ್ತಿದ್ದಾನೆ. ಮ್ಯಾನೇಜರ್ ನಾಲ್ಕು ಜನರನ್ನು ಕರೆದುಕೊಂಡು ಇಳಿಯುತ್ತಿದ್ದಾನೆ. ಹಸಿ ಗೋಡೆ, ಮೇಲಿನಿಂದ ಮಣ್ಣು ಉದುರುತ್ತಿದೆ. ಮೇಷ್ಟ್ರೇ, ನೀವಾದರೂ ಏಳಿ ಅಂದೆ. ಏಳಲಿಲ್ಲ. ನಾನೂ