ಬಂಡೆಯ ಹಿಂದಿನ ದನಿ

ಭಾನುವಾರ, ರಾತ್ರಿ.

ಇಷ್ಟು ದಿನ ಇಲ್ಲೂ ಬರೆಯದೆ ಮುಚ್ಚಿಟ್ಟಿದ್ದೆ: ನಮ್ಮ ಕಣಿವೆಯಲ್ಲಿ ಪ್ರತಿಧ್ವನಿಯೇ ಇಲ್ಲ. ಚಿಕ್ಕಪ್ಪ ಪ್ರವಾಸಿಗರನ್ನು ಜೀಪಿನಲ್ಲಿ ಕರೆತಂದು ಕೂಗಿಸುತ್ತಾನೆ. ಬಂಡೆಯ ಹಿಂದೆ ಅಡಗಿ ತಿರುಗಿ ಕೂಗುವವನು ನಾನು. ಶಾಲೆ ಬಿಟ್ಟ ಮೇಲೆ ಸಿಕ್ಕ ಕೆಲಸ ಇದು.

ಇವತ್ತು ಒಬ್ಬರು ಅಜ್ಜಿ ಕಣಿವೆಗೆ, "ಊಟ ಆಯ್ತಾ?" ಎಂದು ಕೂಗಿದರು. ನಾನು ಮೈಮರೆತು, "ಆಯ್ತು, ನಿಮ್ದು?" ಅಂದುಬಿಟ್ಟೆ.

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಾನು ಹೊರಬಂದು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

"ಬಾಯಿಗೆ ಬೀಗ ಹಾಕೋಕೆ ಆಗಲ್ವೇನೋ? ನಾಳೆಯಿಂದ ಬರಬೇಡ," ಚಿಕ್ಕಪ್ಪ ಗದರಿದ.

"ಬಿಡಪ್ಪ, ಬೆಟ್ಟ ಆದ್ರೂ ನಿಜದ್ದೇ ತಾನೆ?" ಅಂದರು ಅಜ್ಜಿ.

ಜನ ನಿಲ್ಲುವ ಜಾಗದಲ್ಲಿ ಮೊದಲ ಸಲ ನಿಂತು ನೋಡಿದೆ. ಕೆಳಗೆ ಹೊಳೆ ಎರಡಾಗಿ ಕವಲೊಡೆದು ಮತ್ತೆ ಕೂಡುತ್ತದೆ. ಇಷ್ಟು ಚೆಂದದ ಜಾಗಕ್ಕೆ ಸುಳ್ಳು ಯಾಕೆ ಬೇಕಿತ್ತೋ. ಮನಸ್ಸು ಹಗುರವಾಗಿದೆ. ಆಚೆ ದಡದ ದೋಣಿಯವನು ಕೆಲಸ ಕೊಡುತ್ತಾನಂತೆ. ಬೆಳಿಗ್ಗೆ ಹೊರಡುತ್ತೇನೆ.