ಮಹಜರಿಗೆ ಸಿಕ್ಕ ಹಾವುರಾಣಿ ಬಾಲಗಳು

ಚುನಾವಣೆ ಕಾಲದಲ್ಲಿ ಮದ್ಯ ಹಿಡಿಯುವ ಚೆಕ್‌ಪೋಸ್ಟಿನ ಮಾನ್ಯ ಅಧಿಕಾರಿಗಳೇ,

ಕಳೆದ ಏಪ್ರಿಲ್‌ನಲ್ಲಿ ತಾವು ಮಾರತ್ತಹಳ್ಳಿ ಬಳಿ ನನ್ನ ಕೈಚೀಲದಿಂದ ವಶಪಡಿಸಿಕೊಂಡದ್ದು ಮತದಾರರಿಗೆ ಹಂಚುವ ಹೆಂಡವಲ್ಲ, ಹಾವುರಾಣಿಯ ಬಾಲಗಳು. ಇದನ್ನು ಅಂದೇ ಹೇಳಿದ್ದೆ, ತಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಆದ್ದರಿಂದ ಈಗ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಹಾವುರಾಣಿಯನ್ನು ತಾವೂ ನೋಡಿರಬಹುದು. ನುಣುಪು ಮೈ, ಗಿಡ್ಡ ಕಾಲು, ಹಾವಿನಂಥ ನಡೆ. ನಮ್ಮ ಕುಂದಲಹಳ್ಳಿಯ ಹಿಂದಿನ ಬಂಡೆಯಲ್ಲಿದ್ದವಕ್ಕೆ ಕಾಲು ಇದ್ದೂ ಇಲ್ಲದಂತಿತ್ತು. ಹಾಗೆಂದು ಕಾಲು ಸಣ್ಣಗಿರುವುದೆಲ್ಲ ಒಂದೇ ಮನೆತನದ್ದಲ್ಲ. ಬೇರೆ ಬೇರೆ ವಂಶಗಳು ತಮ್ಮಷ್ಟಕ್ಕೆ ತಾವೇ ಕಾಲು ಕಳೆದುಕೊಂಡಿವೆ. ಯಾರು ಯಾರಿಗೆ ಹತ್ತಿರದ ನೆಂಟರು ಎಂಬುದನ್ನು ಡಿಎನ್‌ಎಯಲ್ಲಿ ಓದಿ ತಿಳಿಯಬೇಕು. ಅದಕ್ಕೆ ಬಾಲದ ತುದಿ ಸಾಕು, ಆದರೆ ಕೊಳೆಯದಂತೆ ಅದನ್ನು ಶುದ್ಧ ಸ್ಪಿರಿಟ್‌ನಲ್ಲಿ ಇಡಬೇಕು. ಮೂಗಿನಲ್ಲೇ ತನಿಖೆ ಮುಗಿಸುವ ತಮ್ಮಂಥವರಿಗೆ ಇದು ಸ್ವಲ್ಪ ಕಷ್ಟದ ಪಾಠ.

ಆ ಬಂಡೆಯ ಮೇಲೆ ಮೇಕೆ ಮೇಯಿಸುತ್ತಿದ್ದ ಬೈರಮ್ಮ, ಯಾವ ಕಲ್ಲಿನಡಿ ಯಾವ ಹೊತ್ತಿಗೆ ನೋಡಬೇಕೆಂದು ಎರಡು ಬೇಸಿಗೆ ನನಗೆ ಕಲಿಸಿದಳು. "ಬಾಲ ಮುರುದ್ರೆ ಸಾಯಾಕಿಲ್ಲ ಮೇಷ್ಟ್ರೇ, ತಿರ್ಗಾ ಬತ್ತದೆ. ಆದ್ರೆ ಒಂದು ಆವುರಾಣೀಗೆ ಒಂದೇ ಸಲ ಮುರೀರಿ, ಅದ್ಕೂ ನೋವಾಯ್ತದೆ" ಎಂದಿದ್ದಳು. ಅರಣ್ಯದವರ ಅನುಮತಿ ಪಡೆದು ಮೂವತ್ತೊಂದು ಬಾಲ ಕೂಡಿಸಿದೆವು, ಮೂವತ್ತೊಂದು ಪುಟ್ಟ ಸೀಸೆಗಳಲ್ಲಿ. ಸ್ಪಿರಿಟ್ ಒಟ್ಟು ಅರ್ಧ ಲೋಟ ಕಾಫಿಯಷ್ಟಿದ್ದೀತು. ಅವನ್ನು ಡಿಎನ್‌ಎ ಓದುವ ಪ್ರಯೋಗಾಲಯದ ಮಂಜುಶ್ರೀಗೆ ಒಪ್ಪಿಸಲು ಬಸ್ಸಿನಲ್ಲಿ ಹೊರಟಿದ್ದಾಗ ತಾವು ನನ್ನನ್ನು ಇಳಿಸಿಕೊಂಡಿರಿ.

"ಎಣ್ಣೆ ಒಳಗೆ ಬಾಲ ಹಾಕ್ಕೊಂಡು ಯಾರಿಗ್ರೀ ಮಾರ್ತೀರಾ?" ಎಂದು ಕೇಳಿದಿರಿ. ಪ್ರಯೋಗಾಲಯದ ಪತ್ರ ತೋರಿಸಿದೆ. "ಇದು ಜೆರಾಕ್ಸು. ಒರಿಜಿನಲ್ ತಗೊಂಬನ್ನಿ" ಎಂದಿರಿ. ಅರ್ಧ ಲೋಟದಲ್ಲಿ ಯಾವ ಕ್ಷೇತ್ರ ಗೆಲ್ಲಬಹುದೆಂದು ತಾವು ಲೆಕ್ಕ ಹಾಕಿದ್ದಿರೋ?

ಮೂರು ವಾರ ಅಲೆದು ಒರಿಜಿನಲ್ ತಂದೆ. ಅಷ್ಟರಲ್ಲಿ ತಾವು ಪಂಚರ ಸಮಕ್ಷಮ ಸ್ಪಿರಿಟನ್ನು ಚರಂಡಿಗೆ ಸುರಿದು, ಸೀಸೆಗಳನ್ನು ಮದ್ಯದ ಬಾಟಲಿಗಳೆಂದು ಒಡೆಸಿ, ಬಾಲ ಇಟ್ಟುಕೊಳ್ಳುವುದು ಅಪರಾಧವಲ್ಲವೆಂದು ಅವನ್ನು ಮಾತ್ರ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟಿದ್ದಿರಿ. ಎಂಥ ಪ್ರಾಮಾಣಿಕತೆ! ಯಾವ ಬಾಲ ಯಾವ ಕಲ್ಲಿನದೆಂದು ಬರೆದ ಚೀಟಿಗಳು ಆ ಸೀಸೆಗಳ ಮೇಲಿದ್ದವು. ಬೇಸಿಗೆಯ ಸೆಕೆ ಉಳಿದ ಕೆಲಸ ಮುಗಿಸಿತ್ತು. ಮಂಜುಶ್ರೀ ಕವರು ಬಿಚ್ಚಿ, "ಕೊಳೆತ್ಹೋಗಿದೆ ಸಾರ್. ಓದೋಕೆ ಏನೂ ಉಳಿದಿಲ್ಲ" ಎಂದಳು.

ಮತ್ತೆ ತರುತ್ತೇನೆಂದು ಊರಿಗೆ ಬಂದರೆ ಬಂಡೆಯನ್ನು ಸಿಡಿಸಿ ಅಪಾರ್ಟ್‌ಮೆಂಟಿಗೆ ಅಡಿಪಾಯ ತೋಡುತ್ತಿದ್ದರು. ಬೈರಮ್ಮ ಮೇಕೆಗಳನ್ನು ಹಿಡಿದುಕೊಂಡು ರಸ್ತೆ ಬದಿಯಲ್ಲಿ ನಿಂತಿದ್ದಳು. "ವಾರದಿಂದ ಉಡುಕ್ತಾ ಇವ್ನಿ. ಒಂದೂ ಕಾಣಾಕಿಲ್ಲ" ಎಂದಳು. ನನಗೆ ಅಲ್ಲೇ ಅಳು ಬಂತು.

ಮೊನ್ನೆ ತಮ್ಮ ಮಹಜರಿನ ಪ್ರತಿ ಕೈಗೆ ಬಂತು. ರಾಸಾಯನಿಕ ಪರೀಕ್ಷೆಗೆಂದು ಒಂದು ಸೀಸೆಯನ್ನು ಅರಗಿನ ಮೊಹರು ಹಾಕಿ ಇಟ್ಟಿದ್ದೀರಂತೆ. ಅದರಲ್ಲಿ ಸ್ಪಿರಿಟ್ ಇದೆ, ಬಾಲವಿದೆ, ಚೀಟಿಯೂ ಇದೆ. ಆ ಬಂಡೆಯ ವಂಶದಲ್ಲಿ ಓದಲು ಉಳಿದಿರುವುದು ಅದೊಂದೇ. ಅದನ್ನೂ ಬರುವ ಸೋಮವಾರ ನಾಶಪಡಿಸುವುದಾಗಿ ತಮ್ಮ ನೋಟಿಸು ಹೇಳುತ್ತದೆ.

ತಮ್ಮಿಂದ ಕ್ಷಮೆ ಬೇಡ, ಅದನ್ನು ಕೇಳುವಷ್ಟು ಗೌರವ ತಮ್ಮ ಮೇಲೆ ನನಗೆ ಉಳಿದಿಲ್ಲ. ಮೊಹರು ಒಡೆಯದೆ ಆ ಸೀಸೆಯನ್ನು ಮಂಜುಶ್ರೀಯ ಕೈಗೆ ಕೊಡಿ. ಅದಕ್ಕೆ ಅಪರಾಧಿಯೊಬ್ಬ ಬೇಕೇ ಬೇಕೆಂದಾದರೆ, ನಾನು ಹೆಂಡ ಸಾಗಿಸುತ್ತಿದ್ದೆನೆಂದು ತಪ್ಪೊಪ್ಪಿಗೆ ಬರೆದುಕೊಡುತ್ತೇನೆ. ಎಲ್ಲಿ ಸಹಿ ಹಾಕಬೇಕು, ತಿಳಿಸಿ.

ಇಂತಿ,
ಹುಟ್ಟಿದಾಗಿನಿಂದ ಒಂದು ತೊಟ್ಟು ಕುಡಿಯದ ಹೆಂಡದ ವ್ಯಾಪಾರಿ,
ವೆಂಕಟರಮಣಪ್ಪ
ನಿವೃತ್ತ ಜೀವಶಾಸ್ತ್ರ ಮೇಷ್ಟ್ರು, ಕುಂದಲಹಳ್ಳಿ
ಜೂನ್ 2013