ಬದುವಿನ ಅಗಲ

ಅಪ್ಪಾಜಿಗೆ, ಹರಿಹರದಿಂದ ನಿಮ್ಮ ಹಿರಿಮಗಳ ಶರಣು.

ಇವತ್ತು ಸೋಮವಾರ, ನನ್ನದು ಒಪ್ಪತ್ತು. ಅಂಗಳ ಗುಡಿಸಿ, ಪೂಜೆ ಮುಗಿಸಿ, ಮನೆಯವರಿಗೆ ರೊಟ್ಟಿ ಬಡಿದಿಟ್ಟು ಬರೆಯಲು ಕೂತಿದ್ದೇನೆ. ತಲೆ ಮಾತ್ರ ನೆಟ್ಟಗಿಲ್ಲ.

ಮೊನ್ನೆ ತಮ್ಮ ಮಂಜ ಒಂದು ಇಂಗ್ಲಿಷ್ ಫಾರಂ ತಂದ. ಆವರಗೆರೆಯ ನಮ್ಮ ಹೊಲದ ಪಕ್ಕ ಹಾಲಪ್ಪ ಕಾಕಾನ ಮಗ ತನ್ನ ಹೊಲವನ್ನು ಸೈಟು ಮಾಡಿಸುತ್ತಿದ್ದಾನೆ. ನಡುವಿನ ಬದು ಯಾರದೆಂದು ಅಳೆಯುವವರು ಬರುತ್ತಾರಂತೆ, ನಾನು ಚಿಕ್ಕಂದಿನಲ್ಲಿ ಕಂಡದ್ದನ್ನು ಬರೆದು ಸಹಿ ಹಾಕಬೇಕಂತೆ. ಒಂದು ಕಡೆ ಬೌಂಡರಿ ಎಂದಿದೆ, ಕೆಳಗೆ ಬಾರ್ಡರ್. ಊರ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳಿಗೆ ಎರಡೂ ಒಂದೇ ಅಲ್ಲವೇ? ಟೀಚರ್ ಆಗಿರುವ ಸೊಸೆಯನ್ನು ಕೇಳಿದೆ.

"ಬೌಂಡರಿ ಅಂದ್ರೆ ಗೆರೆ ಅತ್ತೆ, ಅಲ್ಲಿಗೆ ಒಬ್ಬರದು ಮುಗೀತು. ಬಾರ್ಡರ್ ಅಂದ್ರೆ ಅಂಚು. ಅದಕ್ಕೆ ಅಗಲ ಐತೆ, ನಿಮ್ಮ ಸೀರೆದು ಇದ್ದಂಗೆ."

ಹಾಗಾದರೆ ನಮ್ಮ ಬದು ಯಾವುದು ಎಂದರೆ, ನಡೆದವರೇ ಹೇಳಬೇಕು ಎಂದು ನಕ್ಕಳು.

ಸೀಗೆ ಹುಣ್ಣಿಮೆಗೆ ನೀವು ಭೂಮ್ತಾಯಿಗೆಂದು ಹೊಲದ ಸುತ್ತ ಚರಗದ ಅನ್ನ ಚೆಲ್ಲುವಾಗ ಬುಟ್ಟಿ ಹಿಡಿದವಳು ನಾನೇ. ಒಂದು ವರ್ಷ ಬದು ದಾಟಿ ಆಚೆಗೂ ಚೆಲ್ಲಿದಿರಿ. ಮಂಜ ಅದನ್ನೇ ಹಿಡಿದಿದ್ದಾನೆ. "ಬೇರೆಯೋರ ಹೊಲಕ್ಕೆ ಯಾರಾದ್ರೂ ಚರಗ ಚೆಲ್ತಾರೇನಕ್ಕ? ಅದು ನಮ್ದೇ. ಹಂಗಂತ ಬರಿ. ಇಲ್ಲಾಂದ್ರೆ ಪಂಚಮಿಗೆ ತವರಿಗೆ ಕರಿಯಾಕೆ ಬರಲ್ಲ ನೋಡು."

ಆ ವರ್ಷ ಕಾಕಾನ ಹೆಂಡತಿ ತೀರಿಕೊಂಡು ಅವರಿಗೆ ಹಬ್ಬವಿರಲಿಲ್ಲ. "ಅವರ ಭೂಮ್ತಾಯಿ ಯಾಕ ಹಸಕೊಂಡಿರಬೇಕು?" ಎಂದಿರಿ ನೀವು. ಆಗಿನ್ನೂ ಸಣ್ಣವನಾದ ಮಂಜನಿಗೆ ಕಂಡದ್ದು ಅನ್ನ ಬಿದ್ದ ಜಾಗ ಮಾತ್ರ. ಇದನ್ನು ಹೇಳಿದರೂ ನಂಬಲೊಲ್ಲ.

ಆದರೆ ನನಗಾದರೂ ಪೂರ್ತಿ ಗೊತ್ತೇ? ಮರುವರ್ಷ ನೀವು ಬದುವಿನ ಮೇಲೇ ಬಂದಿರಿ, ಕಾಕಾನೂ ಅದರ ಮೇಲೇ ಎದುರು ಬಂದ. ಇಬ್ಬರಲ್ಲಿ ಯಾರು ಪಕ್ಕಕ್ಕೆ ಸರಿದಿರಿ? ಎಷ್ಟು ನೆನೆದರೂ... ಸರಿದವರು ಯಾರೆಂದು ತಿಳಿದರೂ, ಬದು ಅವರದಲ್ಲ ಎಂದಾಗುತ್ತದೆಯೇ? ಕಾಕಾನೂ ಹೋದ ವರ್ಷ ಕಣ್ಣು ಮುಚ್ಚಿ ನೀವಿದ್ದಲ್ಲಿಗೇ ಬಂದ. ಸಿಕ್ಕಿದ್ದರೆ ಕೇಳಿ.

ಕಡೆಗೆ ಬೌಂಡರಿ ಎಂಬಲ್ಲಿ "ನನಗೆ ತಿಳಿಯದು" ಎಂದು ಬರೆದೆ. ಬಾರ್ಡರ್ ಎಂಬಲ್ಲಿ "ಇಬ್ಬರೂ ನಡೆದ ಬದು. ಆಚೆ ಚೆಲ್ಲಿದ್ದು ಕಾಕಾನ ಪಾಲಿನ ಚರಗ" ಎಂದು ಬರೆದು ಸಹಿ ಹಾಕಿದ್ದೇನೆ. ಸರಿಯೋ ತಪ್ಪೋ, ಆ ಶಿವನೇ ಬಲ್ಲ.

ಫಾರಂ ಪೋಸ್ಟಿಗೆ ಹಾಕುವುದಿಲ್ಲ. ಪಂಚಮಿಗೆ ಬರದಿದ್ದರೂ ಚಿಂತೆಯಿಲ್ಲ, ಈ ಉತ್ತರ ಒಯ್ಯಲು ಮಂಜನೇ ಬರಬೇಕು. ಅವನಿಗೊಂದು ಬುದ್ಧಿ ಕೊಟ್ಟು ಕಳಿಸಿ, ಅಪ್ಪಾಜಿ.